ಡಾಕ್ಟರು ಅದನ್ನೇಕೆ ಕೇಳುತ್ತಾರೆ?

ಪ್ರಶ್ನೆ: ಉರಿಮೂತ್ರ ಎಂದು ತೋರಿಸಲು ಹೋದರೆ ಡಾಕ್ಟರು, ‘ಸಂಬಂಧ ಹೆಂಗಸರ ಜೊತೆಯೋ, ಗಂಡಸರ ಜೊತೆಯೋ, ಇಬ್ಬರ ಜೊತೆಗೂನೋ?’ ಎಂದು ಕೇಳಿದರು. ಇದೆಲ್ಲ ಅವರಿಗೇಕೆ ಬೇಕು?
– ಓದುಗರೊಬ್ಬರು, ಸುಗಟೂರು

ಉತ್ತರ: ಖಂಡಿತ ಬೇಕು. ಉರಿಮೂತ್ರಕ್ಕೆ ಗೊನೋರಿಯಾ ಎಂಬ ಲೈಂಗಿಕ ರೋಗ ಕಾರಣವಿರಬಹುದು; ಅದು ಮೂತ್ರನಾಳಕ್ಕಷ್ಟೇ ಬರುವ ಕಾಯಿಲೆಯಲ್ಲ. ಗಂಟಲಲ್ಲೋ ಗುದದ್ವಾರದಲ್ಲೋ ಒಂದಿಷ್ಟೂ ನೋವು ಕೊಡದೆ ಕೂತಿರಬಹುದು. ಎಲ್ಲೆಲ್ಲಿ ಪರೀಕ್ಷೆ ಮಾಡಬೇಕು ಎಂಬುದು ನಿಮ್ಮ ಉತ್ತರದಿಂದಲೇ ಗೊತ್ತಾಗಬೇಕು. ‘ಮದುವೆ ಆಗಿದೆಯಾ?’ ಎಂದಷ್ಟೇ ಕೇಳಿ ಚೀಟಿ ಬರೆದರೆ ಕಾಯಿಲೆ ಅಲ್ಲೇ ಉಳಿಯಬಹುದು, ಸಂಗಾತಿಗೂ ಹರಡಬಹುದು. ನಿಮ್ಮ ಡಾಕ್ಟರು ಏನನ್ನೂ ಊಹಿಸಿಕೊಳ್ಳದೆ ಕೇಳಿದ್ದಾರೆ. ನನ್ನ ಪ್ರಕಾರ ಅದು ಒಳ್ಳೆಯ ವೈದ್ಯರ ಲಕ್ಷಣ.

ಆದರೆ ಕೇಳುವ ಜಾಗವೂ ಮುಖ್ಯ. ಬೆನ್ನ ಹಿಂದೆ ಮುಂದಿನ ರೋಗಿ ಚೀಟಿ ಹಿಡಿದು ನಿಂತಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ? ‘ಬಾಗಿಲು ಹಾಕಿ ಮಾತಾಡೋಣ ಸಾರ್’ ಎನ್ನಿ, ತಪ್ಪಿಲ್ಲ. ಹೆದರಿಕೆಯೂ ಬೇಡ: ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಲು ಹೇಳಿದರೆ ಅದಕ್ಕೆ ನಿಮ್ಮ ಒಪ್ಪಿಗೆ ಬೇಕೆಂದು 2017ರ ಕಾಯ್ದೆಯಿದೆ. ಎದುರು ಕೂತು ಹೇಳಲು ಆಗದಿದ್ದರೆ ಮೊದಲು 1097ಕ್ಕೆ ಫೋನ್ ಮಾಡಿ. ಅದು ಉಚಿತ ಸಹಾಯವಾಣಿ.