ಟಿಕೋಪಿಯ ಎಂಬ ಪುಟ್ಟ ದ್ವೀಪ

ಭೂಪಟದಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕೆ ಸೊಲೊಮನ್ ದ್ವೀಪಗಳು ಅಂತ ಒಂದಷ್ಟು ಚುಕ್ಕೆಗಳಿವೆ. ಆ ದೇಶಕ್ಕೆ ಸೇರಿದ ಟಿಕೋಪಿಯ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಯಾಕೆಂದರೆ ಅದರ ವಿಸ್ತೀರ್ಣ ಸುಮಾರು 5 ಚದರ ಕಿಲೋಮೀಟರ್ ಅಷ್ಟೇ. ವಿಮಾನ ನಿಲ್ದಾಣ ಇಲ್ಲ. ಹಡಗು ಬರುವುದೂ ಅಪರೂಪ. ಆದರೂ ಅಲ್ಲಿ ಸುಮಾರು 3000 ವರ್ಷಗಳಿಂದ ಜನ ಬಾಳುತ್ತಿದ್ದಾರೆ. ಅಷ್ಟು ಸಣ್ಣ ಜಾಗದಲ್ಲಿ ಎಲ್ಲರ ಹೊಟ್ಟೆ ತುಂಬೋದು ಹೇಗೆ?

ಟಿಕೋಪಿಯದವರು ಪಾಲಿನೇಷ್ಯದ ಜನ. ದೋಣಿಗಳಲ್ಲಿ ಶಾಂತ ಸಾಗರವನ್ನೇ ದಾಟಿದವರ ವಂಶ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ವಿದ್ವಾಂಸ ರೇಮಂಡ್ ಫರ್ತ್ 1928ರಲ್ಲಿ ಅಲ್ಲಿಗೆ ಹೋಗಿ, ಒಂದು ವರ್ಷ ಇದ್ದು, ಅವರ ಭಾಷೆ ಕಲಿತರು. ಆಗ ಅಲ್ಲಿ ಸುಮಾರು 1200 ಜನ ಇದ್ದರು. ಸಮುದ್ರದ ಸದ್ದು ಕೇಳಿಸದ ಊರೂ ಇರುತ್ತದೆ ಎಂದರೆ ಅವರಿಗೆ ನಂಬೋದೇ ಕಷ್ಟವಾಯಿತಂತೆ! ನಾವು ಮೂಡಗಡೆ, ಪಡುವಗಡೆ ಅಂತೀವಲ್ಲ, ಅವರು ಸಮುದ್ರದ ಕಡೆ, ಒಳಗಡೆ ಅನ್ನುತ್ತಾರೆ. ಕೆನ್ನೆಗೆ ಮಣ್ಣು ಮೆತ್ತಿದ್ದರೂ ಸಮುದ್ರದ ಕಡೆಯ ಕೆನ್ನೆ ಎಂದೇ ಹೇಳುತ್ತಾರೆ.

ಮೊದಲು ಬಂದವರು ಕಾಡು ಸುಟ್ಟು ಬೇಸಾಯ ಮಾಡಿದರು. ಹಕ್ಕಿಗಳನ್ನೂ ಚಿಪ್ಪುಮೀನುಗಳನ್ನೂ ಹಿಡಿದು ತಿಂದು ಅವು ಕಡಿಮೆಯಾದವು. ಆಮೇಲೆ ಜನ ದಾರಿ ಬದಲಿಸಿದರು. ಇಡೀ ದ್ವೀಪವನ್ನೇ ತೋಟ ಮಾಡಿದರು. ಮೇಲೆ ತೆಂಗು ಮತ್ತು ದೀವಿ ಹಲಸು, ಕೆಳಗೆ ಕೆಸವಿನ ಗೆಡ್ಡೆ. ಸುಮಾರು 1600ರ ಹೊತ್ತಿಗೆ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಹಂದಿಗಳು ತೋಟ ಅಗೆದು ಹಾಳು ಮಾಡುತ್ತಿದ್ದವು, ಮನುಷ್ಯರ ಆಹಾರವನ್ನೇ ತಿನ್ನುತ್ತಿದ್ದವು. ಹಂದಿ ಮಾಂಸ ಅವರಿಗೆ ಬಲು ಇಷ್ಟ. ಆದರೂ ಒಂದೂ ಉಳಿಯದಂತೆ ಹಂದಿಗಳನ್ನು ತೆಗೆದುಬಿಟ್ಟರು.

ದ್ವೀಪದಲ್ಲಿ ನಾಲ್ಕು ಕುಲ, ನಾಲ್ವರು ಮುಖ್ಯಸ್ಥರು. ಮುಖ್ಯಸ್ಥನಿಗೆ ಅರಿಕಿ ಎಂದು ಹೆಸರು. ಅರಿಕಿಯ ಮುಂದೆ ಜನ ತಲೆ ತಗ್ಗಿಸಿ ಬರಬೇಕು. ಆದರೆ ಅರಿಕಿಯೂ ತನ್ನ ತೋಟದಲ್ಲಿ ತಾನೇ ದುಡಿಯಬೇಕು! ತೆಂಗಿನಕಾಯಿ ಕಡಿಮೆಯಾದರೆ ಅವನು ‘ತಪು’ ಹಾಕುತ್ತಾನೆ. ಅಂದರೆ ಇಷ್ಟು ದಿನ ಯಾರೂ ಕೀಳಬಾರದು ಅಂತ ಕಟ್ಟು.

ಕಷ್ಟಕಾಲಕ್ಕೆ ಅವರದು ಒಂದು ಉಪಾಯ ಇದೆ. ದೀವಿ ಹಲಸನ್ನು ಎಲೆ ಹಾಸಿದ ಗುಂಡಿಯಲ್ಲಿ ತುಂಬಿ ಮುಚ್ಚುತ್ತಾರೆ. ಅದು ಹುಳಿ ಬಂದು ವರ್ಷಗಟ್ಟಲೆ ಕೆಡದೆ ಇರುತ್ತದೆ. ಹೆಸರು ‘ಮಸಿ’. ನಮ್ಮ ಹಿರಿಯರು ರಾಗಿ ತುಂಬಿಡುತ್ತಿದ್ದ ಹಗೇವಿನ ಹಾಗೆ ಅನ್ನಿ.

ಹಾಗಂತ ಕಷ್ಟವೇ ಬರಲಿಲ್ಲ ಎಂದಲ್ಲ. 1952 ಮತ್ತು 1953ರ ಚಂಡಮಾರುತಗಳಿಂದ ಅಲ್ಲಿ ದೊಡ್ಡ ಬರವೇ ಬಿತ್ತು. ಮತ್ತೆ 2002ರ ಡಿಸೆಂಬರ್ 28ರಂದು ‘ಜೋಯಿ’ ಎಂಬ ಭಾರಿ ಚಂಡಮಾರುತ ಬಡಿಯಿತು. ಮನೆಗಳು ಹಾರಿದವು, ಮರಗಳು ಉರುಳಿದವು, ಕೆರೆಗೆ ಸಮುದ್ರದ ಉಪ್ಪುನೀರು ನುಗ್ಗಿತು. ಹೊರಗಿನವರಿಗೆ ದಿನಗಟ್ಟಲೆ ಸುದ್ದಿಯೇ ಇಲ್ಲ. ಎಲ್ಲರೂ ಸತ್ತೇ ಹೋದರು ಅಂದುಕೊಂಡವರೂ ಇದ್ದರು. ಹೋಗಿ ನೋಡಿದರೆ ಒಬ್ಬರೂ ಸತ್ತಿರಲಿಲ್ಲ! ಗಾಳಿಯ ಲಕ್ಷಣ ತಿಳಿದ ಜನ ಎತ್ತರದ ಬಂಡೆಗಳ ಮರೆಗೆ, ಗುಹೆಗಳಿಗೆ ಹೋಗಿ ಕೂತಿದ್ದರು. ಸಮುದ್ರ ಒಡೆದ ಕೆರೆಯ ದಂಡೆಯನ್ನು ಅಲ್ಲಿಯವರೂ ಹೊರಗಿನ ನಾವಿಕರೂ ಸೇರಿ 2006ರಲ್ಲಿ ಕಲ್ಲು ತುಂಬಿ ಮುಚ್ಚಿದರು.

ಇರುವ ನೆಲ ಎಷ್ಟು, ಉಣ್ಣುವ ಬಾಯಿ ಎಷ್ಟು ಎಂದು ಲೆಕ್ಕ ಇಟ್ಟವರು ಅವರು. ಬೇಕಾದ್ದು ಬಿಟ್ಟರು, ಇದ್ದದ್ದು ಕೂಡಿಟ್ಟರು. ಮೂರು ಸಾವಿರ ವರ್ಷ ಬಾಳಿದ್ದು ಅದರಿಂದಲೇ ಅಲ್ಲವೇ?