ಹೊಗೆ ಬೇಕೋ, ಒಣದ್ರಾಕ್ಷಿ ಬೇಕೋ

ಹಂಪಿಯಲ್ಲಿ ಮದ್ಯ ಸಿಗುವುದಿಲ್ಲ. ವಿರೂಪಾಕ್ಷನ ಸನ್ನಿಧಿಯ ಸುತ್ತ ದಿನವಿಡೀ ಬಿಸಿಲಲ್ಲಿ ಅಲೆದ ಪ್ರವಾಸಿಗನಿಗೆ ಸಂಜೆ ಒಂದು ಪೆಗ್ ಬೇಕೆನಿಸಿದರೆ 13 ಕಿ.ಮೀ. ದೂರದ ಹೊಸಪೇಟೆಗೆ ಬರಬೇಕು. ಅದೇ ಹೊತ್ತಿಗೆ ಸಂಡೂರಿನ ಗಣಿ ಕಡೆಯವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಎಂಜಿನಿಯರುಗಳು, ಕಂಪ್ಲಿಯ ಕಬ್ಬು-ಭತ್ತದ ಬೆಳೆಗಾರರು ಅಲ್ಲಿನ ಬಾರ್ ಅಂಡ್ ರೆಸ್ಟೋರೆಂಟುಗಳಲ್ಲಿ ಕೂತಿರುತ್ತಾರೆ. ಸ್ಕಾಚ್ ವಿಸ್ಕಿಯಲ್ಲಿ ಒಬ್ಬರಿಗೆ ಟೀಚರ್ಸ್ ಆಗಬೇಕು, ಇನ್ನೊಬ್ಬರಿಗೆ ಬ್ಲ್ಯಾಕ್ ಲೇಬಲ್ಲೇ ಆಗಬೇಕು, ಕೈಯಲ್ಲಿ ದುಡ್ಡು ಓಡಾಡುವ ದಿನ ಗ್ಲೆನ್‌ಲಿವೆಟ್ಟೂ ಮೇಜಿಗೆ ಬರುತ್ತದೆ. ಯಾವುದು ಚಲೋ ಎಂಬ ವಾದ ಹುಟ್ಟುವುದೇ ಆಗ. ಹೆಚ್ಚಿನ ಸಲ ಆ ವಾದವನ್ನು ಮುಗಿಸುವುದು ಬೆಲೆಪಟ್ಟಿ. ಯಾವುದು ತುಟ್ಟಿಯೋ, ಯಾವುದರ ಮೇಲೆ ಹೆಚ್ಚು ವರ್ಷ ಬರೆದಿದೆಯೋ ಅದೇ ಮೇಲು.

ಈ ಅಳತೆಗೋಲು ಸರಿಯಲ್ಲ. ಅದು ಸರಿಯಲ್ಲವೆಂದು ಸ್ಕಾಟ್ಲೆಂಡಿನ ಗ್ಲಾಸ್ಗೋದವರಿಗೇ ತೋರಿಸಿಕೊಟ್ಟಿದ್ದು ಬೆಂಗಳೂರಿನ ಒಂದು ಕಂಪನಿ. ಅದಕ್ಕೂ ಮುಂಚೆ, ಒಂದು ಸ್ಕಾಚ್ ಇನ್ನೊಂದರಂತೆ ಏಕಿರುವುದಿಲ್ಲ ಎಂಬುದನ್ನು ನೋಡಬೇಕು.

ಸ್ಕಾಚ್ ಎನಿಸಿಕೊಳ್ಳಲು ಕಟ್ಟುನಿಟ್ಟಾದ ಕಾನೂನಿದೆ. ಧಾನ್ಯವನ್ನು ಸ್ಕಾಟ್ಲೆಂಡಿನಲ್ಲೇ ಹುದುಗಿಸಿ ಭಟ್ಟಿ ಇಳಿಸಿರಬೇಕು, 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಅಲ್ಲೇ ಇಟ್ಟಿರಬೇಕು, ಬಾಟಲಿಗೆ ತುಂಬುವಾಗ ಶೇ. 40ಕ್ಕಿಂತ ಕಡಿಮೆ ಆಲ್ಕೋಹಾಲ್ ಇರಕೂಡದು. ಮೊಳಕೆ ಕಟ್ಟಿದ ಬಾರ್ಲಿಯೊಂದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ ಮಾಡಿದ್ದಾದರೆ ಸಿಂಗಲ್ ಮಾಲ್ಟ್. ಹಲವು ಡಿಸ್ಟಿಲರಿಗಳ ಮಾಲ್ಟಿಗೆ ಗೋಧಿ, ಮೆಕ್ಕೆಜೋಳದಂಥ ಧಾನ್ಯದ ವಿಸ್ಕಿಯನ್ನು ಬೆರೆಸಿದರೆ ಬ್ಲೆಂಡ್. ಹೊಸಪೇಟೆಯ ಮೇಜಿನ ಮೇಲೆ ಕಾಣುವ ಹೆಚ್ಚಿನ ಸ್ಕಾಚ್ ಬ್ಲೆಂಡೇ. ಅದನ್ನು ಕೀಳೆಂದು ತಳ್ಳಿಹಾಕುವವರು, ಆ ಬೆರಕೆಯನ್ನು ವರ್ಷವರ್ಷವೂ ಒಂದೇ ರುಚಿಗೆ ತರುವ ಕೈಚಳಕವನ್ನು ಮರೆಯುತ್ತಾರೆ.

ರುಚಿಯ ಮೊದಲ ಕವಲು ಹೊಗೆ. ಮೊಳಕೆ ಬಾರ್ಲಿಯನ್ನು ಒಣಗಿಸಲು ಸ್ಕಾಟ್ಲೆಂಡಿನ ಕೆಲವೆಡೆ ಪೀಟ್ ಸುಡುತ್ತಾರೆ. ಜೌಗಿನಲ್ಲಿ ಸಾವಿರಾರು ವರ್ಷ ಅರೆಕೊಳೆತು ಪದರಗಟ್ಟಿದ ಗಿಡಗಂಟಿಯೇ ಪೀಟ್. ಅದರ ಹೊಗೆಯಲ್ಲಿರುವ ಫೀನಾಲ್ ಎಂಬ ಅಂಶಗಳು ಕಾಳಿಗೆ ಅಂಟಿ, ಭಟ್ಟಿಯನ್ನೂ ದಾಟಿ, ಲೋಟದವರೆಗೆ ಬರುತ್ತವೆ. ಐಲಾ ದ್ವೀಪದ ಲಫ್ರಾಯ್ಗ್ ಬಳಸುವ ಮಾಲ್ಟಿನಲ್ಲಿ ಫೀನಾಲ್ ಹತ್ತು ಲಕ್ಷಕ್ಕೆ 40ರ ಆಸುಪಾಸು, ಆರ್ಡ್‌ಬೆಗ್‌ನಲ್ಲಿ 55ರ ಆಸುಪಾಸು. ಮೊದಲ ಸಲ ಮೂಸಿದವರು ಆಸ್ಪತ್ರೆಯ ಟಿಂಚರ್ ವಾಸನೆ ಎಂದು ಲೋಟ ದೂಡುವುದುಂಟು. ಅದೇ ವಾಸನೆಗೆ ಮನಸೋತು, ಹೊಗೆ ಇಲ್ಲದ್ದು ವಿಸ್ಕಿಯೇ ಅಲ್ಲ ಎನ್ನುವವರೂ ಇದ್ದಾರೆ. ಟೀಚರ್ಸ್ ಇಷ್ಟಪಡುವವರು ತಮಗೆ ಗೊತ್ತಿಲ್ಲದೆಯೇ ಇದೇ ಪಂಗಡಕ್ಕೆ ಸೇರಿದವರು. ಅದರ ಬ್ಲೆಂಡಿನ ಮುಖ್ಯ ಮಾಲ್ಟ್ ಆದ ಆರ್ಡ್‌ಮೋರ್ ಪೀಟ್ ಹೊಗೆಯಲ್ಲಿ ಒಣಗಿದ್ದು.

ಎರಡನೆಯ ಕವಲು ಪೀಪಾಯಿ. ಅಮೆರಿಕದ ಬರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿಯಲ್ಲಿ ಕೂತ ಮಾಲ್ಟಿಗೆ ವೆನಿಲ್ಲಾ, ಕೊಬ್ಬರಿಯ ಎಳೆ ಬರುತ್ತದೆ. ಸ್ಪೇನಿನ ಶೆರ್ರಿ ದ್ರಾಕ್ಷಾರಸ ಹೀರಿದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ, ಲವಂಗದ ಕಡೆಗೆ ವಾಲುತ್ತದೆ. ಗ್ಲೆನ್‌ಫಾರ್ಕ್ಲಸ್, ಮೆಕಾಲನ್ ಹೆಸರು ಮಾಡಿದ್ದು ಈ ಎರಡನೆಯ ಬಗೆಯಿಂದ. ಇನ್ನು ಬಾಳೆಹಣ್ಣಿನ ವಾಸನೆ ಪೀಪಾಯಿಯದಲ್ಲ, ಹುದುಗುವಾಗ ಈಸ್ಟ್ ಹುಟ್ಟಿಸಿದ್ದು. ಐಸೋಅಮೈಲ್ ಅಸಿಟೇಟ್ ಎಂಬ ಆ ಅಂಶ ಮಾಗಿದ ಬಾಳೆಹಣ್ಣಿನಲ್ಲೂ ಇದೆ. ಸುಗಂಧಿ ಬಾಳೆಯ ಗೊನೆಗಳ ನಡುವೆ ಬೆಳೆದ ಹೊಸಪೇಟೆ ಸೀಮೆಯ ಮೂಗಿಗೆ ಅದನ್ನು ಹಿಡಿಯಲು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಈ ಸೀಮೆಯಲ್ಲಿ ಬಹುಪಾಲು ಜನ ಕುಡಿಯುವ ‘ವಿಸ್ಕಿ’ಯ ಮೂಲ ಬಾರ್ಲಿಯಲ್ಲ, ಕಬ್ಬು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ, ವಾಸನೆ ಉಳಿಯದಷ್ಟು ಶುದ್ಧವಾಗಿ ಭಟ್ಟಿ ಇಳಿಸಿ, ಅದಕ್ಕೆ ಒಂದಿಷ್ಟು ಮಾಲ್ಟನ್ನೋ ಸುವಾಸನೆಯನ್ನೋ ಸೇರಿಸುತ್ತಾರೆ. ಯುರೋಪಿನ ಕಾನೂನು ಇದನ್ನು ವಿಸ್ಕಿ ಎಂದು ಕರೆಯಲು ಬಿಡುವುದಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ, ಕೂಲಿ ಮುಗಿಸಿ ಬಂದವರ ಕೈಗೆ ಬಂದದ್ದು ಇಂಥ ಮದ್ಯದ ಅಗ್ಗದ ಸ್ಯಾಶೆ, ಟೆಟ್ರಾ ಪ್ಯಾಕುಗಳು. ಅಲ್ಲಿ ಇಷ್ಟಾನಿಷ್ಟದ ಮಾತೇ ಬರುವುದಿಲ್ಲ. ಜೇಬಿನಲ್ಲಿ ಎಷ್ಟಿದೆಯೋ ಅಷ್ಟು. ರುಚಿಯ ಬಗ್ಗೆ ಬರೆಯುವವರು ಈ ಮಾತನ್ನು ಬಿಟ್ಟು ಮುಂದೆ ಹೋಗಬಾರದು. ಅಗ್ಗದ್ದೂ ತುಟ್ಟಿಯದೂ ಒಂದೇ ಕಂಪನಿಯಿಂದ ಬರುವುದೂ ಉಂಟು: ಅಗ್ಗದ ‘ಒರಿಜಿನಲ್ ಚಾಯ್ಸ್’ ಮಾಡುವ ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಕಂಪನಿಯೇ ಗೋವಾದಲ್ಲಿ ‘ಪಾಲ್ ಜಾನ್’ ಸಿಂಗಲ್ ಮಾಲ್ಟನ್ನೂ ತಯಾರಿಸುತ್ತದೆ.

ಇನ್ನು ಗ್ಲಾಸ್ಗೋದ ಕಥೆ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಮೃತ್ ಡಿಸ್ಟಿಲರೀಸ್, ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ಬಾರ್ಲಿಯಿಂದಲೇ ಸಿಂಗಲ್ ಮಾಲ್ಟ್ ಮಾಡಿತು. ಮೊಮ್ಮಗ ರಕ್ಷಿತ್ ಆಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುತ್ತಿದ್ದರು. ಅವರು ಹೆಸರು ಹೇಳದೆ ಅಲ್ಲಿನವರಿಗೆ ಈ ಮಾಲ್ಟಿನ ರುಚಿ ತೋರಿಸಿದಾಗ ಎಷ್ಟೋ ಮಂದಿ ಅದನ್ನು ಸ್ಕಾಚ್ ಎಂದೇ ತಿಳಿದರು, ವಯಸ್ಸನ್ನೂ ಇದ್ದದ್ದಕ್ಕಿಂತ ಬಹಳ ಹೆಚ್ಚು ಹೇಳಿದರು. 2004ರ ಆಗಸ್ಟಿನಲ್ಲಿ ಗ್ಲಾಸ್ಗೋದಲ್ಲೇ ಅದು ಮಾರುಕಟ್ಟೆಗೆ ಬಂತು. ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯನ್ನು ಸೇರಿಸಿ ಮಾಡಿದ ‘ಅಮೃತ್ ಫ್ಯೂಷನ್’ಗೆ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಜಗತ್ತಿನ ಮೂರನೆಯ ಸ್ಥಾನ ಕೊಟ್ಟರು. ತಮಾಷೆಯೆಂದರೆ ಅಮೃತ್ ಸಿಂಗಲ್ ಮಾಲ್ಟ್ ಬೆಂಗಳೂರಿನ ಅಂಗಡಿಗೆ ಬಂದದ್ದು ಅದೇ 2010ರಲ್ಲಿ.

ಚೀಟಿಯ ಮೇಲೆ ವರ್ಷವೇ ಇಲ್ಲದ ವಿಸ್ಕಿ ಹೀಗೆ ಗೆಲ್ಲಲು ಕಾರಣ ಬಿಸಿಲು. ಪೀಪಾಯಿಯಿಂದ ಪ್ರತಿವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ರಿಂದ 12. ಶಾಖಕ್ಕೆ ಮದ್ಯ ಮರದೊಳಕ್ಕೆ ಇಳಿದು ಹೊರಬರುವುದೂ ಬೇಗ, ಮರದ ಸಾರ ಹೀರುವುದೂ ಬೇಗ. ಬೆಂಗಳೂರಿನಲ್ಲಿ 12 ವರ್ಷ ಇಡಹೋದರೆ ಪೀಪಾಯಿಯಲ್ಲಿ ಉಳಿಯುವುದು ಕಾಲುಭಾಗದ ಆಸುಪಾಸು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹೊಸಪೇಟೆಯಲ್ಲಾದರೆ ಇನ್ನೂ ಬೇಗ ಬರಿದಾಗುತ್ತಿತ್ತು. ಬಾಟಲಿಯ ಮೇಲಿನ 12, 18 ಎಂಬ ಸಂಖ್ಯೆ ಒಂದು ಹವೆಯಲ್ಲಿ ಕಳೆದ ಕಾಲವನ್ನು ಹೇಳುತ್ತದೆ, ಅಷ್ಟೆ. ಬಾಟಲಿಗೆ ಇಳಿದ ಮೇಲಂತೂ ವಿಸ್ಕಿಗೆ ವಯಸ್ಸಾಗುವುದೇ ಇಲ್ಲ. ಮನೆಯ ಷೋಕೇಸಿನಲ್ಲಿ ಹತ್ತು ವರ್ಷ ಕಾಯ್ದಿಟ್ಟ 12ರ ಬಾಟಲಿ 22 ಆಗುವುದಿಲ್ಲ.

ಕನ್ನಡನಾಡಿನ ಕುಡಿಯುವವರ ರುಚಿ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿಬಂದಿದೆ. ಬೆಂಗಳೂರಿನ ಖೋಡೆ ಕಂಪನಿ 1968ರಿಂದ ‘ಪೀಟರ್ ಸ್ಕಾಟ್’ ಎಂಬ ವಿಸ್ಕಿ ಮಾಡುತ್ತಿತ್ತು. ಹೆಸರು ನೋಡಿ ಜನ ಸ್ಕಾಚ್ ಎಂದು ಮೋಸಹೋಗುತ್ತಾರೆಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ತೆಗೆಯಿತು. 2008ರಲ್ಲಿ ತೀರ್ಪು ಖೋಡೆಯವರ ಪರ ಬಂತು. ತಕರಾರು ಎತ್ತಲು ಮಾಡಿದ ವಿಳಂಬ ಒಂದು ಮುಖ್ಯ ಕಾರಣ. ಇಂಥ ವಿಸ್ಕಿ ಕೊಳ್ಳುವವರು ತಿಳಿವಳಿಕೆಯುಳ್ಳವರು, ಯಾವುದು ಸ್ಕಾಚ್, ಯಾವುದಲ್ಲ ಎಂದು ಬಲ್ಲವರು ಎಂಬುದನ್ನೂ ನ್ಯಾಯಾಲಯ ಗಣನೆಗೆ ತೆಗೆದುಕೊಂಡಿತು.

ನಿಜವಾಗಿ ಬಲ್ಲರೇ ಎಂದು ಪರೀಕ್ಷಿಸುವುದು ಸುಲಭ. ಚೀಟಿ ಕಾಣದಂತೆ ಬಾಟಲಿಗೆ ಕಾಗದ ಸುತ್ತಿ, ಒಂದೇ ಬಗೆಯ ಲೋಟಗಳಲ್ಲಿ ಹದಿನೈದಿಪ್ಪತ್ತು ಎಂ.ಎಲ್. ಸುರಿದು ಮೂಸಿ ನೋಡಿದರಾಯಿತು. ಬಣ್ಣವನ್ನು ನಂಬಬಾರದು, ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಒಪ್ಪಿಗೆಯೇ ಇದೆ. ನೀರು ಬೆರೆಸುವುದು ತಪ್ಪೆಂಬ ಬಿಂಕವನ್ನೂ ಬಿಡಬೇಕು. ಸ್ವೀಡನ್ನಿನ ಇಬ್ಬರು ರಸಾಯನ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದಂತೆ, ಸ್ವಲ್ಪ ನೀರು ಬೆರೆತಾಗ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ದ್ರವದ ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ ಬರುತ್ತದೆ. ಐಸ್ ತದ್ವಿರುದ್ಧ. ತಂಪು ಹೆಚ್ಚಿದಷ್ಟೂ ವಾಸನೆ ಮುದುಡುತ್ತದೆ. ಹೋಲಿಸಿ ನೋಡುವಾಗ ಅದು ಬೇಡ, ಮೇ ತಿಂಗಳ ಹೊಸಪೇಟೆಯಲ್ಲಿ ಸುಮ್ಮನೆ ಕುಡಿಯುವವರನ್ನು ಮಾತ್ರ ಅದಕ್ಕಾಗಿ ಹಳಿಯಬೇಕಿಲ್ಲ. ನೀರು ಎಂಥದೆಂಬುದೂ ಮುಖ್ಯ. ಕಬ್ಬಿಣದ ಅಂಶ ಜಾಸ್ತಿಯಿರುವ ನೀರು ಓಕ್ ಮರದ ಟ್ಯಾನಿನ್ ಜೊತೆ ಸೇರಿ ವಿಸ್ಕಿಯನ್ನು ಕಪ್ಪಗಾಗಿಸುತ್ತದೆ. ಸಂಡೂರಿನಂಥ ಅದಿರಿನ ಸೀಮೆಯಲ್ಲಿ ಬೋರ್‌ವೆಲ್ ನೀರಿಗಿಂತ ಫಿಲ್ಟರ್ ನೀರೇ ವಾಸಿ.

ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿಯನ್ನು ಹೋಲಿಕೆ ಮುಗಿಯುವವರೆಗೆ ದೂರ ಇಡುವುದು ಒಳ್ಳೆಯದು. ಖಾರ ತಿಂದ ನಾಲಿಗೆಗೆ ಗ್ಲೆನ್‌ಲಿವೆಟ್‌ನ ಹೂವು-ಹಣ್ಣಿನ ನಯ ತಾಕುವುದೇ ಇಲ್ಲ, ಲಫ್ರಾಯ್ಗ್‌ನ ಹೊಗೆ ಮಾತ್ರ ಗೆಲ್ಲುತ್ತದೆ. ಹೊಗೆಯದನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳಬೇಕು. ಮೊದಲೇ ಕುಡಿದರೆ ಮುಂದಿನದರಲ್ಲೂ ಅದರದೇ ವಾಸನೆ.

ಬೆಲೆಯ ಲೆಕ್ಕ ಇನ್ನು ಬದಲಾಗಲಿದೆ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಶೇ. 150 ಆಮದು ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ರಾಜ್ಯದ ಅಬಕಾರಿ ಸುಂಕ ಬೇರೆಯೇ ಇರುವುದರಿಂದ ಆ ಇಳಿಕೆಯೆಲ್ಲ ಹೊಸಪೇಟೆಯ ವೈನ್ ಶಾಪಿನವರೆಗೆ ಬರುವುದಿಲ್ಲ. ಬಂದಷ್ಟರಿಂದಲೇ ಈವರೆಗೆ ದುಬಾರಿಯೆಂದು ಮುಟ್ಟದಿದ್ದ ಮಾಲ್ಟುಗಳು ಕೆಲವರ ಕೈಗೆಟುಕಬಹುದು. ಆಗ ಅಮೃತ್ ಫ್ಯೂಷನ್, ಅದೇ ಬೆಲೆಯ ಒಂದು ಸ್ಕಾಚ್ ಎರಡನ್ನೂ ಕಾಗದ ಸುತ್ತಿ ಪಕ್ಕಪಕ್ಕದಲ್ಲಿಟ್ಟು ಮೂಸಿ ನೋಡಲು ಹೊಸಪೇಟೆಯವರಿಗೆ ಒಳ್ಳೆಯ ಅವಕಾಶ.