ಹಂಬರ್ ದಂಡೆಯ ಸಂತ ಪೇತ್ರರ ಚರ್ಚು

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಹಂಬರ್ ಎಂಬ ಅಗಲವಾದ ಅಳಿವೆಯ ದಕ್ಷಿಣ ದಂಡೆಗೆ ಹೊಂದಿಕೊಂಡಂತೆ, ಲಿಂಕನ್‌ಶೈರ್ ಸೀಮೆಯ ಉತ್ತರದ ಅಂಚಿನಲ್ಲಿ, ಬಾರ್ಟನ್ ಎಂಬ ಸಣ್ಣ ಪಟ್ಟಣವಿದೆ. 1086ರಲ್ಲಿ ಇಂಗ್ಲೆಂಡಿನ ದೊರೆ ತನ್ನ ರಾಜ್ಯದ ಭೂಮಿ ಮತ್ತು ಕಂದಾಯಗಳ ಲೆಕ್ಕವನ್ನು ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲಿ ಈ ಊರಿಗೆ ಒಂದು ಸಂತೆ, ಒಂದು ದೋಣಿ ಕಡವು, ಒಂದು ಚರ್ಚು ಮತ್ತು ಒಬ್ಬ ಪಾದ್ರಿ ಇದ್ದರೆಂದು ನಮೂದಾಗಿದೆ. ಆ ಚರ್ಚಿನ ಗೋಪುರ ಇಂದಿಗೂ ನಿಂತಿದೆ. ಸಂತ ಪೇತ್ರರ ಹೆಸರಿನ ಈ ಕಟ್ಟಡ ಗಾತ್ರದಲ್ಲಾಗಲಿ ವೈಭವದಲ್ಲಾಗಲಿ ಇಂಗ್ಲೆಂಡಿನ ಮಹಾ ಚರ್ಚುಗಳ ಸಾಲಿಗೆ ಸೇರುವಂಥದ್ದಲ್ಲ. ಆದರೂ ಹಳೆಯ ಕಟ್ಟಡವೊಂದರ ವಯಸ್ಸನ್ನು ಅರಿಯುವುದು ಹೇಗೆಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಒಮ್ಮೆ, ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಮ್ಮೆ ಇಲ್ಲಿಂದಲೇ ಉತ್ತರ ದೊರೆತದ್ದರಿಂದ, ವಾಸ್ತುಚರಿತ್ರೆಯ ವಿದ್ವಾಂಸರಿಗೆ ಇದರಷ್ಟು ಬೇಕಾದ ಊರ ಚರ್ಚು ವಿರಳ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಒಂದು ಊರ ಚರ್ಚಿಗೂ ಅದರ ಪಾದ್ರಿಯ ಆರೈಕೆಗೂ ಒಳಪಟ್ಟ ಗೊತ್ತಾದ ಗಡಿಯುಳ್ಳ ಪ್ರದೇಶ. ಅಲ್ಲಿನ ಜನ ತಮ್ಮ ಬೆಳೆಯ ಹತ್ತನೆಯ ಒಂದು ಪಾಲನ್ನು, ಅಂದರೆ ದಶಮಾಂಶವನ್ನು, ಆ ಚರ್ಚಿಗೆ ಸಲ್ಲಿಸಬೇಕಾಗಿತ್ತು. ಮಕ್ಕಳ ದೀಕ್ಷಾಸ್ನಾನ, ಮದುವೆ, ಮಣ್ಣುಮಾಡುವುದು ಎಲ್ಲವೂ ಅಲ್ಲಿಯೇ ನಡೆಯುತ್ತಿದ್ದವು. ಇಂಥ ಅನೇಕ ಚರ್ಚುಗಳು ಮೊದಮೊದಲು ಊರ ಒಡೆಯ ತನ್ನ ಮನೆಯ ಪಕ್ಕದಲ್ಲಿ ತನ್ನ ಖರ್ಚಿನಿಂದ ಕಟ್ಟಿಸಿಕೊಂಡವಾಗಿದ್ದು, ಕಾಲಕ್ರಮದಲ್ಲಿ ಊರಿಗೆಲ್ಲ ಸೇರಿದವಾದವು. ಬಾರ್ಟನ್ನಿನ ಚರ್ಚಿನ ಪೂರ್ವಕ್ಕೂ ಒಡೆಯನ ಮನೆಯ ಆವರಣವೇ ಇತ್ತು.

ಈ ಚರ್ಚಿನ ಮೊದಲ ರೂಪ ಹತ್ತನೆಯ ಶತಮಾನದ ಕೊನೆ ಅಥವಾ ಹನ್ನೊಂದನೆಯ ಶತಮಾನದ ಆರಂಭಕ್ಕೆ ಸೇರಿದ್ದು, ಇಂದಿನವರ ಕಲ್ಪನೆಗೆ ಸುಲಭವಾಗಿ ಒಗ್ಗುವುದಿಲ್ಲ. ಚರ್ಚಿನ ಗೋಪುರವೆಂದರೆ ಗಂಟೆ ತೂಗುಹಾಕಲು ಕಟ್ಟಡದ ಒಂದು ತುದಿಗೆ ಸೇರಿಸಿದ ಭಾಗವೆಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಮಾತ್ರ ಗೋಪುರವೇ ಚರ್ಚು. ಅದರ ನೆಲಮಟ್ಟದ ಚೌಕವೇ ಭಕ್ತರು ನಿಲ್ಲುವ ಸಭಾಭಾಗ, ಅಂದರೆ ನೇವ್. ಅದಕ್ಕೆ ಪೂರ್ವದಲ್ಲಿ ಬಲಿಪೀಠವಿರುವ ಚಾನ್ಸೆಲ್ ಎಂಬ ಚಿಕ್ಕ ಕೋಣೆ, ಪಶ್ಚಿಮದಲ್ಲಿ ದೀಕ್ಷಾಸ್ನಾನದ ಕೋಣೆ. ಊರವರೆಲ್ಲ ಒಟ್ಟಿಗೆ ನಿಲ್ಲಲು ಇಲ್ಲಿ ಸ್ಥಳ ಸಾಲುವಂತಿರಲಿಲ್ಲವಾದ್ದರಿಂದ, ಒಡೆಯನ ಮನೆತನದ ಬಳಕೆಯನ್ನೇ ಮುಖ್ಯವಾಗಿ ಲಕ್ಷ್ಯದಲ್ಲಿಟ್ಟುಕೊಂಡು ಇದನ್ನು ಕಟ್ಟಿಸಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಗೋಪುರವೂ ಪಶ್ಚಿಮದ ಕೋಣೆಯೂ ಉಳಿದುಬಂದಿವೆ. ಚಾನ್ಸೆಲ್ಲಿನ ಅಡಿಪಾಯ ಮಾತ್ರ ನೆಲದೊಳಗೆ ದೊರೆತಿದೆ.

ಗೋಪುರದ ಹೊರಮೈಯನ್ನು ನೋಡಿದವರ ಕಣ್ಣು ಮೊದಲು ಹೋಗುವುದು ಒರಟು ಕಲ್ಲಿನ ಗೋಡೆಯಿಂದ ತುಸು ಹೊರಚಾಚಿದ ಉದ್ದನೆಯ ಕಲ್ಲುಪಟ್ಟಿಗಳ ಕಡೆಗೆ. ಕೆಳಗಿನ ಸಾಲಿನಲ್ಲಿ ಈ ಪಟ್ಟಿಗಳು ಅರ್ಧವೃತ್ತದ ಕಮಾನುಗಳಾಗಿಯೂ, ಮೇಲಿನ ಸಾಲಿನಲ್ಲಿ ಎರಡು ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿದಂಥ ತ್ರಿಕೋನಗಳಾಗಿಯೂ ಕೂಡಿಕೊಳ್ಳುತ್ತವೆ. ನಡುನಡುವೆ ಗಿಡ್ಡ ಕಂಬದಿಂದ ಇಬ್ಭಾಗವಾದ ಜೋಡಿ ಕಿಂಡಿಗಳಿವೆ. ಮರದ ಚೌಕಟ್ಟಿನ ಕಟ್ಟಡಗಳನ್ನು ಕಟ್ಟಿ ರೂಢಿಯಿದ್ದವರು ಕಲ್ಲಿನಲ್ಲಿಯೂ ಅದೇ ನೋಟವನ್ನು ಬಯಸಿದರೆಂದು ಕೆಲವು ವಿದ್ವಾಂಸರೂ, ಇದು ಯುರೋಪಿನ ಕಲ್ಲುಕಟ್ಟಡಗಳಿಂದ ಬಂದ ಅಲಂಕಾರವೆಂದು ಇನ್ನು ಕೆಲವರೂ ವಾದಿಸುತ್ತ ಬಂದಿದ್ದಾರೆ. ಪಟ್ಟಿಗಳು ಗೋಡೆಯ ಭಾರವನ್ನು ಅಷ್ಟಾಗಿ ಹೊರುವುದಿಲ್ಲವೆಂಬುದನ್ನೂ ತ್ರಿಕೋನದ ಕಮಾನು ಬಡಗಿಯ ಕೈಗೆ ಸಹಜವೆಂಬುದನ್ನೂ ಗಮನಿಸಿದರೆ ಮೊದಲ ವಾದಕ್ಕೇ ಹೆಚ್ಚು ಬಲವಿದ್ದಂತೆ ತೋರುತ್ತದೆ. ನಾರ್ತಾಂಪ್ಟನ್‌ಶೈರಿನ ಅರ್ಲ್ಸ್ ಬಾರ್ಟನ್ ಎಂಬ ಊರಿನ ಗೋಪುರದಲ್ಲಿಯೂ ಇದೇ ಪಟ್ಟಿಗಳು ಇನ್ನಷ್ಟು ದಟ್ಟವಾಗಿ ಕಾಣುತ್ತವೆ. ಎರಡು ಊರುಗಳ ಹೆಸರಿನ ಹೋಲಿಕೆ ಮಾತ್ರ ಬರಿಯ ಆಕಸ್ಮಿಕ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಕಟ್ಟಡಗಳು ಉಳಿದಿವೆಯೇ, ಉಳಿದಿದ್ದರೆ ಅವು ಯಾವುವು ಎಂಬ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಗೊಂದಲವೇ ಇತ್ತು. ದುಂಡು ಕಮಾನು ಕಂಡಲ್ಲೆಲ್ಲ ಅದನ್ನು ಸ್ಯಾಕ್ಸನ್, ಅಂದರೆ ಆ ಗೆಲುವಿಗೆ ಮುಂಚಿನ, ಕಾಲದ್ದೆಂದು ಕರೆದುಬಿಡುವವರು ಬಹಳ ಮಂದಿ. ಮಧ್ಯಯುಗದ ಇಂಗ್ಲಿಷ್ ವಾಸ್ತುಶೈಲಿಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟ ಥಾಮಸ್ ರಿಕ್ಮನ್ 1819ರಲ್ಲಿ ಸಂತ ಪೇತ್ರರ ಚರ್ಚಿನ ಗೋಪುರವನ್ನು ಪರಿಶೀಲಿಸಿ ಹೇಳಿದ ಮಾತು ಸರಳವಾದದ್ದು. ಗೋಪುರದ ತುದಿಯ ಅಂತಸ್ತಿನಲ್ಲಿ ಪಟ್ಟಿಗಳಿಲ್ಲ, ಅದರ ಕೆಲಸ ನಾರ್ಮನ್ನರ ಆರಂಭಕಾಲದ ಶೈಲಿಯನ್ನು ಹೋಲುತ್ತದೆ. ಹಾಗಾದರೆ ಅದರ ಕೆಳಗಿರುವ, ಬೇರೆಯದೇ ರೀತಿಯಲ್ಲಿ ಕಟ್ಟಿದ ಭಾಗ ಅದಕ್ಕಿಂತ ಹಳೆಯದಾಗಿರಲೇಬೇಕು. ಶಾಸನವಾಗಲಿ ದಾಖಲೆಯಾಗಲಿ ಇಲ್ಲದ ಕಡೆ ಒಂದರ ಮೇಲೊಂದು ಕುಳಿತ ಕಟ್ಟಡದ ಪದರಗಳಿಂದಲೇ ಕಾಲವನ್ನು ತರ್ಕಿಸುವ ಈ ಕ್ರಮ ಇಂದು ಪುರಾತತ್ತ್ವದ ಮೊದಲ ಪಾಠವಾಗಿದ್ದರೂ, ಕಟ್ಟಡಗಳಿಗೆ ಅದನ್ನು ಇಷ್ಟು ಸ್ಪಷ್ಟವಾಗಿ ಅನ್ವಯಿಸಿದ್ದು ಆಗ ಹೊಸದಾಗಿತ್ತು. ರಿಕ್ಮನ್ ಯಾರಲ್ಲಿಯೂ ವಾಸ್ತುಶಿಲ್ಪವನ್ನು ಕ್ರಮವಾಗಿ ಕಲಿತವನಲ್ಲ, ಲೆಕ್ಕಪತ್ರದ ಕೆಲಸದಿಂದ ಬಂದವನು ಎಂಬುದನ್ನು ಇಲ್ಲಿ ನೆನೆಯಬಹುದು.

ನಾರ್ಮನ್ನರ ಕಾಲದಲ್ಲಿ ಊರು ಗಿಲ್ಬರ್ಟ್ ಡಿ ಗಾಂಟ್ ಎಂಬ ಸರದಾರನ ಕೈಸೇರಿತು. ಚರ್ಚಿನ ಆದಾಯ ಲಿಂಕನ್‌ಶೈರಿನ ಬಾರ್ಡ್ನಿ ಮಠಕ್ಕೆ ಸಂದಿತು. ಹಳೆಯ ಚಾನ್ಸೆಲ್ಲನ್ನು ಕೆಡವಿ ಗೋಪುರದ ಪೂರ್ವಕ್ಕೆ ದೊಡ್ಡ ಚರ್ಚನ್ನು ಕಟ್ಟಿದಾಗ ಗೋಪುರ ಇತರ ಕಡೆಗಳಂತೆ ಕಟ್ಟಡದ ಪಶ್ಚಿಮ ತುದಿಯ ಅಂಗವಾಗಿ ಉಳಿಯಿತು. ಈಗ ಕಾಣುವ ನೇವ್ ಮತ್ತು ಅದರ ಇಕ್ಕೆಲದ ಪಾರ್ಶ್ವಸಾಲುಗಳು ಬಹುಮಟ್ಟಿಗೆ ಹದಿಮೂರು, ಹದಿನಾಲ್ಕನೆಯ ಶತಮಾನದವು. ಒಳಗೆ ಬೆಳಕು ಬರಲೆಂದು ಮೇಲ್ಗೋಡೆಯನ್ನು ಎತ್ತರಿಸಿ ಕಿಟಕಿಗಳನ್ನಿಟ್ಟದ್ದು ಹದಿನೈದನೆಯ ಶತಮಾನದಲ್ಲಿ. ಇಂಗ್ಲೆಂಡಿನ ರೂಢಿಯಂತೆ ಚಾನ್ಸೆಲ್ಲಿನ ದುರಸ್ತಿ ದಶಮಾಂಶ ಪಡೆಯುವವರ ಹೊಣೆಯಾಗಿದ್ದು ನೇವಿನ ಹೊಣೆ ಊರವರದಾಗಿದ್ದುದರಿಂದ, ಊರಿನ ಏಳಿಗೆಯ ಗುರುತನ್ನು ನೇವಿನ ಬೆಳವಣಿಗೆಯಲ್ಲಿಯೇ ಹುಡುಕಬೇಕಾಗುತ್ತದೆ. ಕೂಗಳತೆಯ ದೂರದಲ್ಲಿಯೇ ಸಂತ ಮೇರಿಯ ಹೆಸರಿನ ಇನ್ನೊಂದು ಮಧ್ಯಯುಗದ ಚರ್ಚು ಇರುವುದು ಬಾರ್ಟನ್ನಿನ ವಿಶೇಷ. ಮೂಲತಃ ಸಂತ ಪೇತ್ರರ ಚರ್ಚಿಗೆ ಅಧೀನವಾದ ಪ್ರಾರ್ಥನಾಲಯವಾಗಿದ್ದ ಅದು ಕೊನೆಗೆ ಊರಿನ ಮುಖ್ಯ ಚರ್ಚಾಗಿ ನಿಂತಿತು.

ಇಷ್ಟು ಹತ್ತಿರದಲ್ಲಿ ಎರಡು ಚರ್ಚುಗಳನ್ನು ನಡೆಸುವುದು ಅನಗತ್ಯವೆನಿಸಿ 1972ರಲ್ಲಿ ಸಂತ ಪೇತ್ರರ ಚರ್ಚಿನಲ್ಲಿ ಆರಾಧನೆ ನಿಂತಿತು. ಪುರಾತತ್ತ್ವಕ್ಕೆ ಅದೇ ಅವಕಾಶವಾಯಿತು. ಆರಾಧನೆ ನಡೆಯುತ್ತಿರುವ ಚರ್ಚಿನ ನೆಲವನ್ನು ಪೂರ್ತಿ ಅಗೆಯಲು ಯಾವ ಸಭೆಯೂ ಒಪ್ಪುವುದಿಲ್ಲ; ಕೊಳವೆ ಹಾಕುವಾಗಲೋ ಕಲ್ಲುಹಾಸು ಸರಿಪಡಿಸುವಾಗಲೋ ತೋಡಿದ ಗುಂಡಿಗಳಲ್ಲಿ ಕಂಡಷ್ಟೇ ವಿದ್ವಾಂಸರ ಪಾಲು. ಬಾರ್ಟನ್ನಿನಲ್ಲಿ 1978ರಿಂದ 1984ರವರೆಗೆ ವಾರ್ವಿಕ್ ರಾಡ್ವೆಲ್ ಅವರ ನೇತೃತ್ವದಲ್ಲಿ ಚರ್ಚಿನ ಒಳಗೂ ಹೊರಗೂ ವಿಸ್ತಾರವಾದ ಉತ್ಖನನ ನಡೆಯಿತು, ಅದರ ಜೊತೆಗೆ ಗೋಡೆಗಳ ಸೂಕ್ಷ್ಮ ಅಧ್ಯಯನವೂ ನಡೆಯಿತು.

ಅಗೆತದಲ್ಲಿ ದೊರೆತವುಗಳಲ್ಲಿ ಮುಖ್ಯವಾದವು ಸಮಾಧಿಗಳು. ಹತ್ತನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಇಲ್ಲಿ ಮಣ್ಣಾದವರಲ್ಲಿ ಸುಮಾರು 2,800 ಮಂದಿಯ ಅಸ್ಥಿಗಳು ಹೊರಬಂದವು. ಗೋಪುರಕ್ಕಿಂತ ಹಳೆಯ ಕ್ರೈಸ್ತ ಸಮಾಧಿಗಳೂ ಸಿಕ್ಕಿದ್ದರಿಂದ, ಕಟ್ಟಡಕ್ಕಿಂತ ಮೊದಲೇ ಸ್ಮಶಾನವಿತ್ತೆಂಬುದು ಖಚಿತವಾಯಿತು. ತೇವದಲ್ಲಿ ಕೊಳೆಯದೆ ಉಳಿದ ಮರದ ಶವಪೆಟ್ಟಿಗೆಗಳೂ, ಕೆಲವು ಶವಗಳ ಜೊತೆಗೆ ಇಟ್ಟಿದ್ದ ಹೇಜಲ್ ಮರದ ಕೋಲುಗಳೂ ಕಂಡುಬಂದವು. ಈ ಕೋಲುಗಳು ಯಾತ್ರಿಕನ ಊರುಗೋಲೋ ಪುನರುತ್ಥಾನದ ಸಂಕೇತವೋ ಎಂಬುದರ ಬಗ್ಗೆ ಒಮ್ಮತವಿಲ್ಲ. ಕ್ರೈಸ್ತರು ಸತ್ತವರ ಜೊತೆ ಒಡವೆ ಆಯುಧಗಳನ್ನು ಹೂಳುವುದಿಲ್ಲವಾದ್ದರಿಂದ ಸಮಾಧಿಯ ಕಾಲವನ್ನು ವಸ್ತುಗಳಿಂದ ತಿಳಿಯುವುದು ಕಷ್ಟ. ಇಲ್ಲಿಯೂ ನೆರವಿಗೆ ಬಂದದ್ದು ಪದರಗಳ ತರ್ಕವೇ. ಪಾರ್ಶ್ವಸಾಲಿನ ಅಡಿಪಾಯ ಒಂದು ಸಮಾಧಿಯನ್ನು ಕತ್ತರಿಸಿಕೊಂಡು ಹೋಗಿದ್ದರೆ ಸಮಾಧಿ ಹಳೆಯದು, ಸಮಾಧಿಯೇ ಅಡಿಪಾಯದ ಕಾಲುವೆಯನ್ನು ಕತ್ತರಿಸಿದ್ದರೆ ಅಡಿಪಾಯ ಹಳೆಯದು. ಹೀಗೆ ಕಟ್ಟಡದ ಹಂತಗಳೂ ಸಮಾಧಿಗಳೂ ಒಂದಕ್ಕೊಂದು ಸಾಕ್ಷಿಯಾಗುತ್ತ ಹೋದವು.

ಅಸ್ಥಿಗಳನ್ನು ಜೂಲಿಯೆಟ್ ರಾಜರ್ಸ್ ಮತ್ತು ಟೋನಿ ವಾಲ್ಡ್ರನ್ ಅಧ್ಯಯನ ಮಾಡಿದರು. ಕೀಲುಗಳ ಸವೆತ ಎಲ್ಲ ಕಾಲದಲ್ಲಿಯೂ ಜನರನ್ನು ಕಾಡಿತ್ತೆಂಬುದು ಸ್ಪಷ್ಟವಾಯಿತು. ಒಂದೇ ಊರಿನವರ ಒಂಬೈನೂರು ವರ್ಷಗಳ ಅಸ್ಥಿಗಳು ಒಟ್ಟಿಗೆ ದೊರೆತದ್ದು ಕೀಲುರೋಗಗಳ ಚರಿತ್ರೆಗೆ ದೊಡ್ಡ ಆಧಾರವಾಯಿತು. ಇದಕ್ಕೊಂದು ಮಿತಿಯೂ ಉಂಟು. ಹದಿನಾಲ್ಕನೆಯ ಶತಮಾನದ ಮಹಾಮಾರಿ ಪ್ಲೇಗಿನಂತೆ ಬೇಗನೆ ಕೊಲ್ಲುವ ರೋಗಗಳು ಮೂಳೆಯ ಮೇಲೆ ಗುರುತು ಬಿಡುವುದಿಲ್ಲವಾದ್ದರಿಂದ, ಊರನ್ನು ಹೆಚ್ಚು ನಡುಗಿಸಿದ ಸಾವುಗಳೇ ಈ ಸಾಕ್ಷ್ಯದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಅಸ್ಥಿಗಳ ಕುರಿತಾದ ಸಂಪುಟ 2007ರಲ್ಲಿ, ಕಟ್ಟಡ ಮತ್ತು ಉತ್ಖನನದ ಸಂಪುಟ 2011ರಲ್ಲಿ ಪ್ರಕಟವಾದವು. ಗುದ್ದಲಿ ಕೆಳಗಿಟ್ಟು ಕಾಲು ಶತಮಾನ ಕಳೆದ ಮೇಲೆ ಬಂದ ಈ ವರದಿಗಳ ವಿಳಂಬ ದೀರ್ಘವೇ ಆದರೂ, ಇಂಥ ಉತ್ಖನನಗಳಲ್ಲಿ ವರದಿಯನ್ನೇ ಕಾಣದವು ಎಷ್ಟೋ ಇರುವುದನ್ನು ನೆನೆದರೆ ದೂರುವಂತಿಲ್ಲ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಆಡಳಿತದಲ್ಲಿರುವ ಚರ್ಚಿನಲ್ಲಿಯೇ, ಹಿಂದೆ ಆರ್ಗನ್ ವಾದ್ಯವಿದ್ದ ಕೋಣೆಯನ್ನು ಅಸ್ಥಿಗಳ ಉಗ್ರಾಣವನ್ನಾಗಿ ಮಾರ್ಪಡಿಸಿ, ಎಲ್ಲವನ್ನೂ ಅಲ್ಲಿಗೆ ಮರಳಿ ತರಲಾಗಿದೆ. ಸತ್ತವರನ್ನು ಮತ್ತೆ ಹೂಳಬೇಕೆಂಬ ಧಾರ್ಮಿಕ ಕಾಳಜಿಗೂ, ಹೂತರೆ ಮುಂದಿನ ಸಂಶೋಧನೆಗೆ ದಾರಿ ಮುಚ್ಚುತ್ತದೆಂಬ ವಿದ್ವಾಂಸರ ಆತಂಕಕ್ಕೂ ನಡುವೆ ಕಂಡುಕೊಂಡ ಏರ್ಪಾಡು ಇದು. ಪವಿತ್ರ ನೆಲವನ್ನು ಬಿಟ್ಟು ಹೋಗದೆಯೇ ಆ ಅಸ್ಥಿಗಳು ಸಂಶೋಧಕರಿಗೆ ಇಂದಿಗೂ ಅಧ್ಯಯನಕ್ಕೆ ಲಭ್ಯವಿವೆ.